ಅಮ್ಮನ ಹಲ್ಲುಜ್ಜುವ ಮಿಷಿನ್ನು

ತಂಗಿಯ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದ ಮಾರನೆಯ ಬೆಳಿಗ್ಗೆ ಅಮ್ಮ ನನ್ನ ಮುಂದೆ ಬಾಯಿ ತೆರೆಯಲಿಲ್ಲ. ನಾನು ಎಂದಿನಂತೆ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿ, ಅವಳ ಕೊರಳಿಗೆ ಟವೆಲ್ಲು ಸುತ್ತಿ, ಬ್ರಷ್ಷಿಗೆ ಪೇಸ್ಟು ಹಚ್ಚಿಕೊಂಡು ನಿಂತಿದ್ದೆ. ಅಮ್ಮ ಎಡಗೈ ಚಾಚಿ, "ತತ್ತಾ ಇಲ್ಲಿ, ನಾನೇ ಉಜ್ಕೊತೀನಿ," ಅಂದಳು.

ಕೊಟ್ಟೆ. ಎಡಗೈಗೆ ಬ್ರಷ್ಷು ಹದವಾಗಿ ಸಿಗಲಿಲ್ಲ. ಒಮ್ಮೆ ತುಟಿಗೆ ತಗುಲಿತು, ಒಮ್ಮೆ ಮೂಗಿಗೆ. ಪೇಸ್ಟೆಲ್ಲ ಸೀರೆಯ ಮೇಲೆ ಬಿತ್ತು. ನಾನು ಬ್ರಷ್ಷನ್ನು ವಾಪಸ್ಸು ತೆಗೆದುಕೊಂಡೆ. ಆಗ ಅಮ್ಮ ಹೇಳಿದಳು: "ಚಿಕ್ಕೋಳ ಮನೇಲಿ ಒಂದು ಮಿಷಿನ್ ಐತೆ ಕಣೆ. ಸುಮ್ಕೆ ಹಲ್ಲಿಗೆ ಇಡ್ಕಂಡ್ರೆ ಸಾಕು, ಅದೇ ಉಜ್ತದೆ. ಯಾರ ಹಂಗೂ ಇಲ್ಲ."

ಯಾರ ಹಂಗೂ ಇಲ್ಲ ಎಂದರೆ ಯಾರ ಹಂಗು? ಆ ಮಾತನ್ನು ಶಾಲೆಗೆ ಹೋಗುವ ದಾರಿಯುದ್ದಕ್ಕೂ ಮೆಲುಕು ಹಾಕಿದೆ. ಒಂಬತ್ತನೇ ತರಗತಿಗೆ ಸಮಾಸ ಹೇಳಿಕೊಡುವಾಗಲೂ ಅದೇ ಕಿವಿಯಲ್ಲಿತ್ತು.

ಎರಡು ವರ್ಷದ ಹಿಂದೆ ಅಮ್ಮನಿಗೆ ಲಕ್ವ ಹೊಡೆದಿತ್ತು. ಮಾತು ಬೇಗ ಬಂತು, ಕಾಲೂ ನಿಧಾನಕ್ಕೆ ಸರಿಹೋಯಿತು, ಬಲಗೈ ಮಾತ್ರ ಪೂರ್ತಿಯಾಗಿ ಬರಲಿಲ್ಲ. ಎಪ್ಪತ್ತು ದಾಟಿದರೂ ಅಮ್ಮನಿಗೆ ಬಾಯಿ ತುಂಬ ಸ್ವಂತ ಹಲ್ಲು. ಇವತ್ತಿಗೂ ಚಕ್ಕುಲಿಯನ್ನು ಕಟಕಟ ಅಗಿಯುತ್ತಾಳೆ. ಆ ಹಲ್ಲಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ. ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಕಾಡುಗೋಡಿಯಲ್ಲಿ ನನ್ನ ಜೊತೆಗೇ ಇದ್ದಳು. ಆಸ್ಪತ್ರೆಯಿಂದ ಬಂದಂದಿನಿಂದ ದಿನಾ ಬೆಳಿಗ್ಗೆ ಅವಳ ಹಲ್ಲುಜ್ಜುವುದು ನನ್ನ ಕೆಲಸವಾಯಿತು. ಏಳೂ ಮುಕ್ಕಾಲಿಗೆ ಬಸ್ಸು ಹಿಡಿಯಬೇಕಾದವಳು ಆ ಹತ್ತು ನಿಮಿಷವನ್ನು ಹೇಗೆ ಹೊಂದಿಸುತ್ತಿದ್ದೆ ಎಂಬುದು ನನ್ನ ಗಂಡನಿಗೂ ಗೊತ್ತಿಲ್ಲ. ಆದರೂ ಆ ಹತ್ತು ನಿಮಿಷ ನನಗೆ ಬೇಕಾಗಿತ್ತು. ಅಮ್ಮ ಕಣ್ಣು ಮುಚ್ಚಿ ಬಾಯಿ ತೆರೆದು ಕೂರುತ್ತಿದ್ದಳು. ನಾನು ಅವಳ ಗಲ್ಲ ಹಿಡಿದು ಒಂದೊಂದೇ ಹಲ್ಲನ್ನು ಉಜ್ಜುತ್ತಿದ್ದೆ. ಇಷ್ಟು ಹತ್ತಿರದಿಂದ ಅಮ್ಮನ ಮುಖವನ್ನು ನಾನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ.

ಇದನ್ನು ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕು. ನಾವು ಅಕ್ಕತಂಗಿ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಈಗ ಮೆಟ್ರೋ ಕೊನೆಯಾಗುವ ಜಾಗದಿಂದ ಎರಡು ಬೀದಿ ಆಚೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಬೆಳಿಗ್ಗೆ ಅಮ್ಮ ಅದರ ಮೇಲೆ ಕುಳಿತು ತಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಇದ್ದಿಲಿನ ಪುಡಿಯನ್ನು ತನ್ನ ತೋರುಬೆರಳಿಗೆ ಹಚ್ಚಿ ಅವಳ ಹಲ್ಲು ಉಜ್ಜುತ್ತಿದ್ದಳು. ಅವಳು ಬೆರಳು ಕಚ್ಚುತ್ತಿದ್ದಳು, ಅಮ್ಮ ನಗುತ್ತಿದ್ದಳು. ನನಗೆ ಆಗ ಏಳು ವರ್ಷ. ನನ್ನ ಅಂಗೈಗೂ ಒಂದು ಚಿಟಿಕೆ ಪುಡಿ ಬೀಳುತ್ತಿತ್ತು. "ನೀನು ದೊಡ್ಡೋಳು, ನೀನೇ ಉಜ್ಕೊ," ಎನ್ನುವುದು ಆ ಪುಡಿಯ ಜೊತೆಗೇ ಬರುತ್ತಿದ್ದ ಮಾತು. ಅಮ್ಮ ನನಗೆ ಯಾವತ್ತೂ ಕಡಿಮೆ ಮಾಡಿದವಳಲ್ಲ. ಆದರೆ ಆ ಬೆರಳನ್ನು ನೋಡುತ್ತ ನಿಲ್ಲುತ್ತಿದ್ದ ಹುಡುಗಿಯ ಹೊಟ್ಟೆಯುರಿ ನನ್ನಲ್ಲಿ ಪೂರ್ತಿ ಆರಿಲ್ಲ.

ತಂಗಿ ಈಗ ವೈಟ್‌ಫೀಲ್ಡ್ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿದ್ದಾಳೆ. ದೊಡ್ಡ ಆಫೀಸೊಂದರಲ್ಲಿ ಕಟ್ಟಡದ ಉಸ್ತುವಾರಿ ನೋಡುವ ಕೆಲಸ. ಲಿಫ್ಟು ಕೆಟ್ಟರೂ ಎಸಿ ನಿಂತರೂ ಎಲ್ಲರೂ ಅವಳಿಗೇ ಫೋನು ಮಾಡುತ್ತಾರೆ. ಅಮ್ಮನನ್ನು ವರ್ಷಕ್ಕೊಮ್ಮೆ ತನ್ನ ಮನೆಗೂ ಕಳಿಸು ಎಂದು ತುಂಬ ದಿನದಿಂದ ಕೇಳುತ್ತಿದ್ದಳು. ಅವಳಿಗೆ ಬಿಡುವೆಲ್ಲಿ, ಅಮ್ಮನ ಕೆಲಸ ಅವಳ ಕೈಲಾಗುತ್ತದೆಯೇ ಎಂದುಕೊಂಡೇ ಕಳಿಸಿದ್ದೆ. ಒಂದೇ ವಾರಕ್ಕೆ ಅಮ್ಮ ವಾಪಸ್ಸು ಬರುತ್ತೇನೆ ಎನ್ನುತ್ತಾಳೆ ಎಂದು ಕಾದಿದ್ದೆನೆಂದೂ ಒಪ್ಪಿಕೊಳ್ಳುತ್ತೇನೆ. ಅಮ್ಮ ಹಾಗೆ ಅನ್ನಲಿಲ್ಲ. ತಿಂಗಳು ಮುಗಿಸಿ, ಕೆನ್ನೆ ತುಂಬಿಕೊಂಡು ಬಂದಳು.

ಆ ವಾರವೆಲ್ಲ ಮನೆಯಲ್ಲಿ ಮಿಷಿನ್ನಿನ ಮಾತೇ. ಮೇಲಿನ ಮನೆಯ ಬಾಡಿಗೆಯವರ ಸೊಸೆ ಬಟ್ಟೆ ಒಣಹಾಕಲು ಬಂದರೆ ಅವಳಿಗೆ ಹೇಳುವುದು, ಸೊಪ್ಪಿನವಳಿಗೆ ಹೇಳುವುದು. ಎರಡು ನಿಮಿಷ ಆದರೆ ತಾನೇ ನಿಲ್ಲುತ್ತದಂತೆ. ಗಟ್ಟಿಯಾಗಿ ಒತ್ತಿದರೆ ಕೆಂಪು ದೀಪ ಹತ್ತುತ್ತದಂತೆ. ಸೊಪ್ಪಿನವಳು ತನಗೆ ಇರುವುದೇ ಆರು ಹಲ್ಲು ಎಂದು ನಕ್ಕಳು. ನಾನು ಒಳಗೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡೆ.

ಅಷ್ಟೊಂದು ಒಳ್ಳೆಯ ವಸ್ತುವಾದರೆ ಜೊತೆಗೆ ಯಾಕೆ ಕಳಿಸಲಿಲ್ಲ? ಅಮ್ಮನ ಬ್ಯಾಗಿನಲ್ಲಿ ಹೊಸ ಶಾಲು, ಹೊಸ ಚಪ್ಪಲಿ, ಡಬ್ಬಿ ತುಂಬ ಒಣಹಣ್ಣು ಎಲ್ಲ ಇದ್ದವು. ಆ ಮಿಷಿನ್ನೊಂದೇ ಇರಲಿಲ್ಲ. ಅಮ್ಮನನ್ನು ಕೇಳಿದರೆ, ಅದು ಅಲ್ಲೇ ಇರಲಿ ಬಿಡು ಅಂದಳು. ನನಗೆ ತಂಗಿಯ ಲೆಕ್ಕಾಚಾರ ಅರ್ಥವಾಯಿತು ಎಂದುಕೊಂಡೆ. ಅದು ಅಲ್ಲಿದ್ದರೆ ಅಮ್ಮನ ಮನಸ್ಸೂ ಅಲ್ಲೇ ಇರುತ್ತದೆ. ಹೀಗೆ ಯೋಚಿಸುವಾಗ ಒಂದು ರೀತಿಯ ಸುಖವೂ ಇತ್ತು. ತಪ್ಪೆಲ್ಲ ಅವಳದೇ ಆಗುತ್ತಿತ್ತಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಹೋಪ್ ಫಾರ್ಮ್ ಸರ್ಕಲ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಹೇರ್ ಡ್ರೈಯರುಗಳ ಪಕ್ಕದಲ್ಲಿ ನಾಲ್ಕು ಥರದ ಎಲೆಕ್ಟ್ರಿಕ್ ಟೂತ್‌ಬ್ರಷ್ಷುಗಳಿದ್ದವು. ಅಂಗಡಿಯಾತ ಒಂದನ್ನು ತೆಗೆದು ನನ್ನ ಅಂಗೈಯ ಮೇಲಿಟ್ಟು ಚಾಲೂ ಮಾಡಿದ. ಕೈ ಜುಮ್ಮೆಂದಿತು. "ಯಾರಿಗೆ ಮೇಡಂ?" ಅಂತ ಕೇಳಿದ. ನನಗೇ ಅಂದೆ. ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ. ಅಮ್ಮನಿಗೆ ಎಂದರೆ ಸೋಲೊಪ್ಪಿಕೊಂಡಂತಾಗುತ್ತಿತ್ತೇನೋ.

ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ತಂಗಿಯದೇ ಥರದ್ದನ್ನು ಕೊಂಡರೆ ಅವಳನ್ನು ನೋಡಿ ಕಲಿತಂತೆ. ಅದಕ್ಕಿಂತ ಮೇಲಿನದನ್ನು ಕೊಂಡರೆ ಪೈಪೋಟಿಗೆ ಬಿದ್ದಂತೆ, ಅವಳಿಗೂ ಅದು ಗೊತ್ತಾಗುತ್ತದೆ. ಅಗ್ಗದ್ದನ್ನು ಕೊಂಡರೆ ಅಮ್ಮ ಎರಡು ದಿನ ಉಜ್ಜಿ, ಚಿಕ್ಕೋಳದ್ದು ಹಿಂಗಿರಲಿಲ್ಲ ಎನ್ನುತ್ತಾಳೆ. ಮತ್ತೆ ಯಾವುದನ್ನು ಕೊಂಡರೂ ನನ್ನ ಬೆಳಗಿನ ಆ ಹತ್ತು ನಿಮಿಷವನ್ನು ನಾನೇ ಕೈಯಾರೆ ಮಿಷಿನ್ನಿಗೆ ಒಪ್ಪಿಸಿದಂತೆ. ಕೊನೆಗೆ ಯೋಚನೆ ಮಾಡಿ ಬರುತ್ತೇನೆ ಎಂದು ಹೇಳಿ, ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಮೆತ್ತನೆಯ ಒಂದು ಮಾಮೂಲಿ ಬ್ರಷ್ಷು ಕೊಂಡು ಮನೆಗೆ ಬಂದೆ. ಅಮ್ಮ ಅದನ್ನು ನೋಡಿ, ಬಣ್ಣ ಚೆನ್ನಾಗಿದೆ ಅಂದಳು.

ಆಮೇಲಿನ ಬುಧವಾರ ಆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನೀರು ಬಂದಿರಲಿಲ್ಲ, ಟ್ಯಾಂಕರಿಗೆ ಫೋನು ಮಾಡುವುದರಲ್ಲಿ ಹೊತ್ತಾಗಿತ್ತು. ಅಮ್ಮ ಸ್ಟೂಲಿನ ಮೇಲೆ ಕುಳಿತವಳು, ಆ ಮಿಷಿನ್ ಇದ್ದಿದ್ದರೆ ನಿನಗೂ ಇಷ್ಟು ತೊಂದರೆ ಇರುತ್ತಿರಲಿಲ್ಲ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನ್ನ ಮೈ ಉರಿದುಹೋಯಿತು. ಬಾಯಿ ತೆಗಿ ಎಂದು ಗದರಿದೆ. ತೆಗೆದಳು. ನಾನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಅಮ್ಮ ಒಮ್ಮೆ ತಲೆ ಹಿಂದಕ್ಕೆಳೆದಳು. ನಾನು ಗಲ್ಲವನ್ನು ಬಿಡಲಿಲ್ಲ. ಉಗಿದಾಗ ನೊರೆ ಕೆಂಪಗಿತ್ತು.

ಇಬ್ಬರೂ ಅದನ್ನು ನೋಡಿದೆವು. ಅಮ್ಮ ಎಡಗೈಯಿಂದಲೇ ಚೊಂಬು ಬಗ್ಗಿಸಿ ನೀರು ಹಾಕಿ ಅದನ್ನು ಸರಿಸಿದಳು. "ಏನಿಲ್ಲ ಓಗು. ಬಸ್ಸು ಓಯ್ತದೆ," ಅಂದಳು.

ಅವತ್ತು ಬಸ್ಸಿನಲ್ಲಿ ಕೂತು ನನ್ನ ಕೈಯನ್ನೇ ನೋಡಿಕೊಂಡೆ. ಮಧ್ಯಾಹ್ನ ಮನೆಗೆ ಫೋನು ಮಾಡಿ ಊಟ ಆಯಿತೇ ಎಂದು ಕೇಳಿದೆ. ಅಮ್ಮ ಮಾಮೂಲಿನಂತೆ ಮಾತಾಡಿದಳು. ಅದೇ ಇನ್ನೂ ಕಷ್ಟವಾಯಿತು. ಸಂಜೆ ಮನೆಗೆ ಹೋಗದೆ ನೇರವಾಗಿ ತಂಗಿಯ ಅಪಾರ್ಟ್‌ಮೆಂಟಿಗೆ ಹೋದೆ. ಆ ಬ್ರಷ್ಷನ್ನು ಕೇಳಿ ತರುವುದು, ಬೇಕಿದ್ದರೆ ಎರಡು ಮಾತು ಅನ್ನುವುದು ಎಂದು ಲಿಫ್ಟಿನಲ್ಲೇ ಸಿದ್ಧವಾಗಿದ್ದೆ.

ತಂಗಿ ಆಗತಾನೇ ಆಫೀಸಿನಿಂದ ಬಂದಿದ್ದಳು, ಕೊರಳಿನ ಗುರುತಿನ ಚೀಟಿಯನ್ನೂ ತೆಗೆದಿರಲಿಲ್ಲ. ಕಾಫಿಗೆ ಇಡಲು ಹೋದವಳನ್ನು ತಡೆದು, ಅಮ್ಮನ ಬ್ರಷ್ಷನ್ನು ಯಾಕೆ ಇಲ್ಲೇ ಇಟ್ಟುಕೊಂಡೆ ಎಂದು ಕೇಳಿದೆ. ದನಿ ನಾನಂದುಕೊಂಡದ್ದಕ್ಕಿಂತ ಗಡುಸಾಗಿತ್ತು. ಅವಳು ಗ್ಯಾಸು ಆರಿಸಿ ನನ್ನ ಕಡೆ ತಿರುಗಿದಳು.

"ನಾನು ಬ್ಯಾಗಿಗೆ ಹಾಕಿದ್ದೆ ಅಕ್ಕ. ಅಮ್ಮಾನೇ ತೆಗೆದಿಟ್ಲು. ದೊಡ್ಡೋಳು ಬೇಜಾರು ಮಾಡ್ಕೊತಾಳೆ, ಅವಳು ದಿನಾ ನಂಗೆ ಅಷ್ಟು ಚೆನ್ನಾಗಿ ಉಜ್ತಾಳೆ ಅಂದ್ಲು."

ನಾನು ಸೋಫಾದ ಅಂಚಿಗೆ ಕುಳಿತೆ. ಹಾಗಾದರೆ ಅಮ್ಮನಿಗೆ ಮೊದಲೇ ಗೊತ್ತಿತ್ತು. ಆಸೆ ತಡೆಯಲಾಗದೆ ಮಿಷಿನ್ನಿನ ಸುದ್ದಿ ಎತ್ತುತ್ತಿದ್ದಳೇ ಹೊರತು, ಆ ವಸ್ತು ನನ್ನ ಕಣ್ಣಿಗೆ ಬೀಳಬಾರದೆಂದು ಬಿಟ್ಟು ಬಂದಿದ್ದಳು.

ತಂಗಿ ಮುಂದುವರಿಸಿದಳು. ಬಂದ ಮೊದಲ ದಿನ ನನ್ನ ಹಾಗೆಯೇ ಸ್ಟೂಲು ಹಾಕಿ ತಾನೂ ಉಜ್ಜಲು ಹೋದಳಂತೆ. ಅಮ್ಮ ಬಾಯಿ ಬಿಡಲಿಲ್ಲವಂತೆ. ಎರಡನೇ ದಿನವೂ ಇಲ್ಲ. ಮೂರು ದಿನ ಬರೀ ನೀರು ಮುಕ್ಕಳಿಸಿದಳಂತೆ. ಬೇರೆ ದಾರಿ ಕಾಣದೆ ನಾಲ್ಕನೇ ದಿನ ಆ ಮಿಷಿನ್ನು ತಂದದ್ದಂತೆ.

"ನಿನ್ನ ಹತ್ರ ಆದ್ರೆ ತೆಗೀತಾಳೆ, ನನ್ನ ಹತ್ರ ತೆಗೆಯಲ್ಲ," ಅಂದಳು. "ನಂಗೆಷ್ಟು ಹೊಟ್ಟೆ ಉರೀತು ಗೊತ್ತಾ ಅಕ್ಕ ನಿನ್ನ ಮೇಲೆ."

ಅದನ್ನು ನಗುತ್ತ ಹೇಳಲಿಲ್ಲ. ನನಗೆ ಮೊದಲು ಆದದ್ದು ಸಂತೋಷ, ಅದನ್ನು ಮುಚ್ಚಿಡುವುದಿಲ್ಲ. ಏಳು ವರ್ಷದ ಹುಡುಗಿಗೆ ಆಗಬೇಕಾಗಿದ್ದ ಸಂತೋಷ. ಆಮೇಲೆ ಬೆಳಗಿನ ಕೆಂಪು ನೊರೆ ನೆನಪಾಯಿತು. ಅದನ್ನು ಅವಳಿಗೆ ಹೇಳಬೇಕೆಂದುಕೊಂಡು ಹೇಳದೆ ಬಿಟ್ಟೆ. ಹೇಳಿದ್ದರೆ ಅವಳ ಕಣ್ಣಿನಲ್ಲಿ ನನ್ನ ಬೆಲೆ ಇಳಿಯುತ್ತಿತ್ತು, ಆಗಷ್ಟೇ ಏರಿದ್ದನ್ನು ಅಷ್ಟು ಬೇಗ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಕಾಫಿ ಕುಡಿದೆವು. ಅವಳು ಬಚ್ಚಲಿನಿಂದ ಬ್ರಷ್ಷನ್ನೂ ಅದರ ಚಾರ್ಜಿನ ಪೀಠವನ್ನೂ ತಂದು ಕವರಿಗೆ ಹಾಕಿದಳು. ಬೇಡ ಅಂದೆ. ಅಮ್ಮ ಇಲ್ಲಿಗೆ ಬಂದಾಗ ಬೇಕಾಗುತ್ತದೆ, ನಾನು ಬೇರೆ ಕೊಳ್ಳುತ್ತೇನೆ ಅಂದೆ. ಯಾವ ಮಾಡೆಲ್ಲು ಎಂದು ಅವಳಿಂದಲೇ ಕೇಳಿ ಬರೆದುಕೊಂಡೆ.

ಮರುದಿನ ಅದೇ ಅಂಗಡಿಗೆ ಹೋದೆ. ಆತ ನನ್ನನ್ನು ಗುರುತಿಸಿ, ಯೋಚನೆ ಮುಗೀತಾ ಮೇಡಂ ಅಂದ. ಇದು ನನ್ನ ತಾಯಿಗೆ, ಅವರಿಗೆ ಬಲಗೈ ಬರುವುದಿಲ್ಲ ಎಂದೆ. ಹಾಗಾದರೆ ಹಿಡಿ ಸ್ವಲ್ಪ ದಪ್ಪ ಇರಬೇಕು ಎಂದು ಅವನೇ ಒಂದನ್ನು ಎತ್ತಿಕೊಟ್ಟ. ತಂಗಿ ಬರೆಸಿದ್ದ ಮಾಡೆಲ್ಲೇ. ಬಣ್ಣ ಮಾತ್ರ ಬೇರೆ.

ರಾತ್ರಿ ಊಟಕ್ಕೆ ಮೊದಲು ಡಬ್ಬಿಯನ್ನು ಅಮ್ಮನ ಮುಂದಿಟ್ಟೆ. ಅಮ್ಮ ಅದನ್ನು ಮುಟ್ಟದೆ ನನ್ನ ಮುಖ ನೋಡಿದಳು. ನಿನ್ನೆ ನೋವಾಯಿತಾ ಎಂದು ಆಗ ಕೇಳಿದೆ. ಅಮ್ಮ ಹೂಂ ಅಂದಳು. ನಾನು ಅಳಲಿಲ್ಲ, ತಪ್ಪಾಯಿತು ಎಂದಷ್ಟೇ ಹೇಳಿದೆ. ಅಮ್ಮ ನನ್ನ ಅಂಗೈಯನ್ನು ತನ್ನ ಎಡಗೈಯಲ್ಲಿ ಒಂದು ಗಳಿಗೆ ಹಿಡಿದಿದ್ದು, "ಇದಕ್ಕೆ ಕರೆಂಟು ಎಲ್ಲಿ ಆಕ್ತೀಯ? ನಿಮ್ಮ ಬಚ್ಚಲಲ್ಲಿ ಪ್ಲಗ್ಗೇ ಇಲ್ವಲ್ಲ," ಅಂದಳು. ಕೊಳ್ಳುವಾಗ ನನಗದು ಹೊಳೆದೇ ಇರಲಿಲ್ಲ. ಭಾನುವಾರ ನನ್ನ ಗಂಡ ಮಿಕ್ಸಿಯ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡಿಕೊಟ್ಟರು.

ಈಗ ಅಮ್ಮ ತಾನೇ ಹಲ್ಲುಜ್ಜಿಕೊಳ್ಳುತ್ತಾಳೆ. ಪೇಸ್ಟು ಹಚ್ಚಿಕೊಡುವುದು ಮಾತ್ರ ನನ್ನ ಪಾಲಿಗೆ ಉಳಿದಿದೆ. ಬಚ್ಚಲಿನ ಬಾಗಿಲು ಅರ್ಧ ಮುಚ್ಚಿರುತ್ತದೆ, ಒಳಗಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿರುತ್ತದೆ. ಮಿಕ್ಕ ಸಮಯದಲ್ಲಿ ಒಂದು ಲೋಟ ಕಾಫಿಯನ್ನು ಕುಳಿತೇ ಕುಡಿಯಬಹುದು. ಮೊದಲ ಕೆಲವು ದಿನ ಕುಡಿಯಲಾಗಲಿಲ್ಲ, ಬಾಗಿಲ ಹೊರಗೆ ಸುಮ್ಮನೆ ನಿಂತಿರುತ್ತಿದ್ದೆ. ನಿಂತಿದ್ದೀಯಾ ಯಾಕೆ, ಓಗಿ ಕೂತ್ಕೊ ಎಂದು ಅಮ್ಮ ಒಳಗಿನಿಂದಲೇ ಕಳಿಸುತ್ತಿದ್ದಳು. ಒಸಡು ವಾಸಿಯಾಗಿದೆ. ತಂಗಿ ವಾರಕ್ಕೊಮ್ಮೆ ಫೋನು ಮಾಡಿ ಬ್ರಷ್ಷು ಹೇಗೆ ನಡೆಯುತ್ತಿದೆ ಎಂದು ಕೇಳುತ್ತಾಳೆ, ನಾನೂ ನೇರವಾಗಿ ಉತ್ತರ ಕೊಡುತ್ತೇನೆ.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದು ಸುಳ್ಳು. ಮೊನ್ನೆ ಅಮ್ಮನ ಬಾಯಿ ಒರೆಸುತ್ತ, ತಂಗಿಯ ಮನೆಯ ಮಿಷಿನ್ನು ಚೆನ್ನಾಗಿದೆಯೋ ನಮ್ಮ ಮನೆಯದು ಚೆನ್ನಾಗಿದೆಯೋ ಎಂದು ಕೇಳಿಯೇಬಿಟ್ಟೆ. ಅಮ್ಮ, ಎಲ್ಡೂ ಒಂದೇಯ ಅಂದಳು. ಆ ಉತ್ತರ ನನಗೆ ಸಾಕಾಗಲಿಲ್ಲ. ನಮ್ಮದರ ಸದ್ದು ಕಡಿಮೆ ಅನಿಸುವುದಿಲ್ಲವಾ ಎಂದು ಮತ್ತೆ ಕೇಳಿದೆ.