ರಾಯರ ಕಾರಿನ ಊದುಬತ್ತಿ

೧೯೪೪ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ, ನಾನು ಸ್ಕೂಲು ಬಿಟ್ಟೆ. ಇದರಿಂದ ಸ್ಕೂಲಿಗೆ ನಷ್ಟವೇನೂ ಆದಂತೆ ಕಾಣಲಿಲ್ಲ. ಇದೆಲ್ಲ ಈಗ ಯಾಕೆಂದರೆ, ನಿನ್ನೆ ಹತ್ತಿದ ಟ್ಯಾಕ್ಸಿಯಲ್ಲಿ ದೇವರ ಪಟದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಆ ವಾಸನೆಗೆ ರಾಯರ ಕಾರು ನೆನಪಾಯಿತು.

ರಾಯರು ಮೈಸೂರಿನ ಕಡೆಯವರು, ಫೋರ್ಟಿನ ಒಂದು ಕಂಪನಿಯಲ್ಲಿ ಆಫೀಸರು, ಎಂ.ಎ. ಆ ಎಂ.ಎ.ಯನ್ನು ಮನೆ ಬಾಗಿಲಿಗೆ ಬರೆಸಿದ್ದರು. ಕಾರಿಗೆ ಬರೆಸದೆ ಬಿಟ್ಟದ್ದು ಕಾರಿನ ಪುಣ್ಯ. ಕಾರು ಯುದ್ಧಕ್ಕೆ ಮುಂಚಿನದು. ಶನಿವಾರ ಬೆಳಿಗ್ಗೆ ತಾಯಿಯನ್ನು ಅದರಲ್ಲಿ ವಿಲೇಪಾರ್ಲೆಯಿಂದ ಮಾಟುಂಗದ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದರು. ಕನ್ನಡದಲ್ಲಿ ಸುಖದುಃಖ ಹೇಳಿಕೊಳ್ಳುವ ನಾಲ್ಕು ಹೆಂಗಸರು ಆ ತಾಯಿಗೆ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ೧೯೫೫ರಲ್ಲಿ ಇದ್ದಕ್ಕಿದ್ದಂತೆ, ಕಾರು ಹತ್ತಿದರೆ ಆಕೆಗೆ ತಲೆಸುತ್ತು, ವಾಂತಿ. ಹೊಗೆ ವಾಸನೆ ಬರುತ್ತದೆ ಅಂದದ್ದಕ್ಕೆ ರಾಯರು ಕಾರಿನೊಳಗೆ ಊದುಬತ್ತಿ ಹಚ್ಚಿದರು. ಅದಕ್ಕೂ ಬಗ್ಗದಾಗ ಕಾರು ರಿಪೇರಿಯ ಪುಸ್ತಕ ತೆಗೆದರು.

ಆಗ ನಾನು ಪರೇಲಿನ ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿ. ರಾಯರು ಪುಸ್ತಕ ಹಿಡಿದೇ ಬಂದು, ಎಗ್ಜಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ ಎಂದು ತೀರ್ಪು ಕೊಟ್ಟರು. ಇಂಜಿನ್ನಿನ ಹೊಗೆಯನ್ನೆಲ್ಲ ಒಟ್ಟುಮಾಡಿ ಹಿಂದಿನ ಪೈಪಿಗೆ ದಾಟಿಸುವ ಬೀಡುಕಬ್ಬಿಣದ ಕೊಳವೆ ಅದು. ಎಲ್ಲಿದೆ ತೋರಿಸಿ ಅಂದೆ. ಬಾನೆಟ್ ಎತ್ತಿ, ಬಹಳ ಗಾಂಭೀರ್ಯದಿಂದ ರೇಡಿಯೇಟರ್ ತೋರಿಸಿದರು.

ನನಗೆ ಅಷ್ಟು ಸಾಕಾಯಿತು. ಎಂಟು ಮೈಲಿ ಓಡಿ ಕಾದಿದ್ದ ಇಂಜಿನ್ನಿಗೆ ಕಿವಿ ಕೊಟ್ಟೆ, ಬಿರುಕಿದ್ದರೆ ಬರುವ ಟಪ್ ಟಪ್ ಸದ್ದಿಲ್ಲ. ಪೈಪಿನ ಜೋಡಣೆ ಸಡಿಲವಾಗಿದೆ, ಪುಸ್ತಕ ಮನೆಯಲ್ಲಿಡಿ ಎಂದು ನಾಲ್ಕು ಬೋಲ್ಟು ಬಿಗಿದು ಕಳಿಸಿದೆ. ಬೀಡುಕಬ್ಬಿಣ ಕಾದರೆ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ, ತಣ್ಣಗಿದ್ದಾಗಲೇ ನೋಡಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಎಂ.ಎ. ಆದವರೂ ತಪ್ಪು ಮಾಡಿದರೆಂಬ ಸಂತೋಷದಲ್ಲಿ ಮರೆತಿದ್ದೆ, ಅಷ್ಟೆ.

ಮುಂದಿನ ಶನಿವಾರ ಆ ತಾಯಿ ಮಾಹಿಮ್ ದಾಟುವಷ್ಟರಲ್ಲಿ ವಾಂತಿ ಮಾಡಿಕೊಂಡರಂತೆ. ಅಮ್ಮನಿಗೆ ವಯಸ್ಸಾಯಿತು, ಇನ್ನು ದೇವಸ್ಥಾನ ಬಂದ್ ಎಂದು ರಾಯರು ಹೇಳಿಕಳಿಸಿದರು. ಕಾರು ರಾಯರದು, ಅದರಲ್ಲಿ ದೋಷವಿರಲಾರದು. ರಿಪೇರಿ ನನ್ನದು, ಅದರಲ್ಲೂ ಇರಲಾರದು. ಉಳಿದವರು ಆಕೆಯೊಬ್ಬರೇ.

ಆದರೂ ಮನಸ್ಸು ಕೇಳಲಿಲ್ಲ. ದಯೆಯಿಂದಲ್ಲ ಮಾರಾಯ್ರೆ, ನನ್ನ ಕೈಗೆ ಕೆಟ್ಟ ಹೆಸರು ಬಂದೀತೆಂದು. ಅದರ ಮರುವಾರ ಶನಿವಾರ ಬೆಳಿಗ್ಗೆಯ ಲೋಕಲ್ ರೈಲು ಹಿಡಿದು ರಾಯರ ಮನೆಗೆ ಹೋದರೆ, ಅಮ್ಮ ಒಳ್ಳೆಯ ಸೀರೆ ಉಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಾರೆ. ಇಳಿಯಿರಿ ಎಂದು ಮಗ ಗೋಗರೆಯುತ್ತಿದ್ದರು. ಊದುಬತ್ತಿ ಮಾತ್ರ ತಪ್ಪದೆ ಉರಿಯುತ್ತಿತ್ತು.

ರಾತ್ರಿಯೆಲ್ಲ ತಣಿದಿದ್ದ ಇಂಜಿನ್ ಚಾಲೂ ಮಾಡಿದೆ. ಟಪ್ ಟಪ್ ಟಪ್. ಅಷ್ಟರಲ್ಲಿ ಅಮ್ಮ ಊದುಬತ್ತಿ ಕಿತ್ತು ನನ್ನ ಕೈಗೆ ಕೊಟ್ಟರು. "ಇದನ್ನ ಮೊದಲು ಆಚೆ ತಗೊಂಡು ಹೋಗಪ್ಪ."

ಅದನ್ನು ಹಿಡಿದೇ ಬಾನೆಟ್ಟಿನೊಳಗೆ ಬಗ್ಗಿದೆ. ಫ್ಯಾನಿನ ಗಾಳಿಗೆ ಹಿಂದಕ್ಕೆ ವಾಲುತ್ತಿದ್ದ ಊದುಬತ್ತಿ ಹೊಗೆ, ಒಂದು ಜಾಗದಲ್ಲಿ ಮಾತ್ರ, ಟಪ್ ಅಂದಾಗಲೆಲ್ಲ ನನ್ನ ಮುಖಕ್ಕೇ ಹಾರುತ್ತಿತ್ತು. ಅಲ್ಲಿನ ಮಸಿ ಒರೆಸಿದೆ. ಮ್ಯಾನಿಫೋಲ್ಡಿನ ಮೇಲೆ ಕೂದಲಿನಷ್ಟು ಸಣ್ಣ ಬಿರುಕು.

"ನಾನು ಹೇಳಲಿಲ್ಲವೇನಯ್ಯಾ?" ಅಂದರು ರಾಯರು.

"ಹೇಳಿದ್ದು ಹೌದು ರಾಯರೇ. ತೋರಿಸಿದ್ದು ರೇಡಿಯೇಟರ್."

ಹಿಂದಿನ ಸೀಟಿನಿಂದ ಅಮ್ಮ ಅಂದರು: "ಒಬ್ಬನಿಗೆ ಹೆಸರು ಗೊತ್ತು, ಒಬ್ಬನಿಗೆ ಜಾಗ ಗೊತ್ತು. ಹೊಗೆ ಕುಡಿದೋಳು ನಾನು."

ಅಷ್ಟು ಹಳೆಯ ಕಾರಿಗೆ ಹೊಸ ಮ್ಯಾನಿಫೋಲ್ಡ್ ಎಲ್ಲಿಂದ ಬರಬೇಕು? ಬಿಚ್ಚಿ, ಕೆಂಡದಲ್ಲಿ ಕಾಯಿಸಿ, ಹಿತ್ತಾಳೆ ಬೆಸುಗೆ ಹಾಕಿದೆ. ಬೇಗ ತಣಿದರೆ ಬೀಡು ಮತ್ತೆ ಸೀಳುತ್ತದೆ. ಪಕ್ಕದ ಉಡುಪಿ ಹೋಟೆಲಿನ ಒಲೆಯಿಂದ ಬಿಸಿಬೂದಿ ತಂದು ಹೂತಿಟ್ಟೆ. ಮರುದಿನವೇ ಆಯಿತೇ ಎಂದು ಬಂದ ರಾಯರಿಗೆ, ಎಂ.ಎ. ಒಂದು ದಿನದಲ್ಲಿ ಆಯಿತೇ ಎಂದು ಕೇಳಿ ವಾಪಸು ಕಳಿಸಿದೆ.

ಮುಂದಿನ ಶನಿವಾರ ಆ ತಾಯಿ ಮಾಟುಂಗಕ್ಕೆ ಹೋಗಿ, ಹೊಟ್ಟೆತುಂಬ ಮಾತಾಡಿ, ಮನೆಗೆ ಬಂದು ಊಟವನ್ನೂ ಮಾಡಿದರು. ಮುಂದೆ ಕಾರು ಮಾರುವಾಗ ರಾಯರು ಆ ಪುಸ್ತಕವನ್ನು ನನಗೆ ಕೊಟ್ಟು, ಹೆಸರುಗಳನ್ನಾದರೂ ಕಲಿ ಅಂದರು. ಸಿಟ್ಟು ಬಂತು. ಪುಸ್ತಕ ಮಾತ್ರ ಬಿಸಾಡಲಿಲ್ಲ.

ನಿನ್ನೆಯ ಟ್ಯಾಕ್ಸಿಯಲ್ಲೂ ಊದುಬತ್ತಿಯ ಕೆಳಗೆ ಸಣ್ಣ ಹೊಗೆ ವಾಸನೆಯಿತ್ತು. ಇಂಜಿನ್ ಕಾದಿತ್ತು, ಸದ್ದಿಲ್ಲ. ತೀರ್ಪು ಕೊಡಲಿಲ್ಲ. ಗಾಡಿ ರಾತ್ರಿ ನನ್ನಲ್ಲೇ ಬಿಡು, ಬೆಳಿಗ್ಗೆ ನೋಡುತ್ತೇನೆ ಎಂದು ಡ್ರೈವರಿಗೆ ಅಂದೆ.

ಈಗ ನನ್ನಲ್ಲಿರುವುದು: ಜೋಗೇಶ್ವರಿಯಲ್ಲಿ ಗ್ಯಾರೇಜು ಒಂದು, ಕೆಲಸದವರು ಐದು ಮಂದಿ, ಪುಸ್ತಕ ಒಂದು, ಊದುಬತ್ತಿ ಒಂದು ಕಟ್ಟು.