ಮದುವಣಗಿತ್ತಿಯರಿಗೆ ಬಲೂನು ಕಟ್ಟುವ ಗೇನರ್

ಬೆಳಗಿನ ಆರೂವರೆ. ಹಾಲ್ಬೆಕ್ ಕಾಡಿನ ಪೈನ್ ಮರಗಳ ನಡುವೆ ಮಂಜು ಇನ್ನೂ ಕರಗಿಲ್ಲ. ನಲವತ್ತೊಂದನೇ ನಂಬರಿನ ಕಾಟೇಜಿನೊಳಗೆ ಗೇನರ್ ಥ್ಯಾಕ್ರೆ ಕುರ್ಚಿಯ ಮೇಲೆ ನಿಂತು, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ತೊಲೆಗೆ ಗುಲಾಬಿ ಬಲೂನಿನ ಗೊಂಚಲು ಕಟ್ಟುತ್ತಿದ್ದಾರೆ. ಕೆಳಗೆ ಮೇಜಿನ ಮೇಲೆ ಹನ್ನೆರಡು ಗ್ಲಾಸು, 'ಮದುಮಗಳು' ಎಂದು ಬರೆದ ಒಂದು ರೇಷ್ಮೆ ಪಟ್ಟಿ, ಕಡ್ಡಿಗೆ ಅಂಟಿಸಿದ ಮದುಮಗನ ಮುಖದ ಹನ್ನೆರಡು ಚಿತ್ರ. ಹೆಸರು ಹೇಳಲು ನಾಚಿಕೆಯಾಗುವ ಆಕಾರದ ಹೀರುಕೊಳವೆಗಳ ಒಂದು ಪೊಟ್ಟಣವೂ ಇದೆ.

"ಅದನ್ನ ನೋಡಿ ನೀನೇನೂ ಕೆಂಪಾಗಬೇಡ. ಹೋದ ವಾರ ಒಬ್ಬಳ ಅಜ್ಜಿ ನಾಲ್ಕು ಕೇಳಿ ತಗೊಂಡ್ಲು," ಎಂದು ನನಗೆ ಹೇಳುತ್ತಾರೆ ಗೇನರ್, ಕುರ್ಚಿಯಿಂದ ಇಳಿಯುತ್ತ.

ಮದುವೆಗೆ ಮುನ್ನ ಮದುಮಗಳನ್ನು ಗೆಳತಿಯರೆಲ್ಲ ಸೇರಿ ಎಲ್ಲಿಗಾದರೂ ಕರೆದುಕೊಂಡು ಹೋಗಿ, ಎರಡು ದಿನ ಕುಣಿದು ಕುಡಿದು ಗೋಳುಹೊಯ್ದುಕೊಳ್ಳುವುದಕ್ಕೆ ಇಲ್ಲಿ ಹೆನ್ ಪಾರ್ಟಿ ಎನ್ನುತ್ತಾರೆ. ಈ ಯಾರ್ಕ್‌ಶೈರ್ ಕಾಡಿನ ರೆಸಾರ್ಟಿಗೆ ವರ್ಷಕ್ಕೆ ಅಂಥ ನೂರಿಪ್ಪತ್ತು ಗುಂಪು ಬರುತ್ತವೆ. ಆ ನೂರಿಪ್ಪತ್ತನ್ನೂ ಏಳು ವರ್ಷದಿಂದ ಯೋಜಿಸುತ್ತಿರುವವರು ಗೇನರ್. ವಯಸ್ಸು ಐವತ್ತೇಳು. ಸ್ವಾಗತ ಕಚೇರಿಯ ಹಿಂದಿನ ಸಣ್ಣ ಮರದ ಕೋಣೆ ಅವರ ಆಫೀಸು. ಅಲ್ಲೊಂದು ಫೋನು, ಒಂದು ಕಂಪ್ಯೂಟರು, ರಿಬ್ಬನ್ನಿನ ಉಂಡೆಗಳು. ಬಂದವರು ಥ್ಯಾಂಕ್ಸ್ ಹೇಳುವುದು ಬುಕ್ ಮಾಡಿದ ಗೆಳತಿಗೆ. ಗೇನರ್ ಎನ್ನುವವರೊಬ್ಬರು ಇದ್ದಾರೆಂಬುದು ಯಾರಿಗೂ ತಿಳಿಯುವುದಿಲ್ಲ.

ನಾನು ಅದೇ ರೆಸಾರ್ಟಿನ ಪ್ಯಾನ್‌ಕೇಕ್ ಅಡುಗೆಮನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿರುವವಳು. ನೌಕರರ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಅವರದು. ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳಿದಾಗ ಅವರು ಮೊದಲು ಬೇಡವೆಂದರು. ಯಾವ ಭಾಷೆಯಲ್ಲಿ ಎಂದು ಆಮೇಲೆ ಕೇಳಿದರು. ಕನ್ನಡದಲ್ಲಿ ಎಂದೆ. "ಹಾಗಾದ್ರೆ ಬರಿ. ಅವಳು ಅದನ್ನ ಓದಲ್ಲ," ಅಂದರು.

ಹೆನ್ ಪಾರ್ಟಿ ಯೋಜಿಸುವುದು ಹೊರಗಿನವರು ತಿಳಿದಷ್ಟು ಹಗುರದ ಕೆಲಸವಲ್ಲ. ಹನ್ನೆರಡು ಹೆಂಗಸರಲ್ಲಿ ಯಾರಿಗೆ ಕಡಲೆಬೀಜ ಆಗದು, ಯಾರಿಗೆ ಯಾರ ಜತೆ ಮಾತಿಲ್ಲ, ಯಾರ ಹಾಸಿಗೆ ಯಾರ ಕೋಣೆಯಲ್ಲಿ ಬೇಡ, ಎಲ್ಲ ಗೊತ್ತಿರಬೇಕು. ಪ್ರತಿ ಗುಂಪಿನಲ್ಲೂ ಬಸುರಿ ಎಂದು ಇನ್ನೂ ಯಾರಿಗೂ ಹೇಳದ ಒಬ್ಬಳಿರುತ್ತಾಳೆ. ಅವಳ ಗ್ಲಾಸಿಗೆ ಸೇಬಿನ ರಸ ಸುರಿದು ಅದು ವೈನಿನಂತೆಯೇ ಕಾಣುವ ಹಾಗೆ ಮಾಡಬೇಕು. ಬಿಸಿನೀರಿನ ತೊಟ್ಟಿಯ ಸಮಯ, ಬಿಲ್ಲುಬಾಣದ ಸಮಯ, ದೋಣಿಯ ಸಮಯ ಒಂದರ ಮೇಲೊಂದು ಬೀಳಕೂಡದು. ಪಕ್ಕದ ಕಾಟೇಜಿನಲ್ಲಿ ಹಸುಗೂಸಿದ್ದರೆ ಮೊದಲೇ ಕ್ಷಮೆ ಕೇಳಿ ಬರಬೇಕು. ಬಣ್ಣದ ಕಾಗದದ ಚೂರು ಎರಚುವಂತಿಲ್ಲ, ಜಿಂಕೆ ತಿನ್ನುತ್ತವೆ. ದಿನಕ್ಕೆ ಅರವತ್ತು ಬಲೂನು, ಹತ್ತೊಂಬತ್ತು ಸಾವಿರ ಹೆಜ್ಜೆ.

ವೈನ್ ಬಾಟಲಿಗಳನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ಹೂಳುವಾಗ ಗೇನರ್ ರಬ್ಬರ್ ಕೈಗವಸು ಹಾಕಿಕೊಳ್ಳುತ್ತಾರೆ. ಚಳಿಗೆಂದು ತಿಳಿದಿದ್ದೆ.

"ಚಳಿಗಲ್ಲ, ಚಿನ್ನಾ. ಬಾಟಲಿ ಕುತ್ತಿಗೆ ಬರಿಗೈಗೆ ಸಿಕ್ಕಿದ್ರೆ ಕೈಗೆ ಹಳೇದೆಲ್ಲ ನೆನಪಾಗತ್ತೆ."

ಅವರು ಕುಡಿತ ಬಿಟ್ಟು ಎಂಟು ವರ್ಷವಾಗಿದೆ. ಅದಕ್ಕೂ ಮೂರು ವರ್ಷ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ, ಮಗಳು ಬ್ರಯನಿಯನ್ನು ಶಾಲೆಯ ಆಟದ ಮೈದಾನದಿಂದ ಕರೆತರುವಾಗ ಅವರು ಕಾರನ್ನು ಹೊಲದ ಕಲ್ಲಿನ ಗೋಡೆಗೆ ನುಗ್ಗಿಸಿದರು. ಊಟಕ್ಕೆ ಮುಂಚೆಯೇ ಒಂದು ಬಾಟಲಿ ಮುಗಿದಿತ್ತು. ಗೇನರ್‌ಗೆ ಹಣೆಯಲ್ಲಿ ಎರಡು ಹೊಲಿಗೆ. ಹದಿನೇಳರ ಬ್ರಯನಿಯ ಬಲಮಂಡಿ ಪುಡಿಪುಡಿ. ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದ ಹುಡುಗಿ ಅವಳು. ಗೇನರ್‌ಗೆ ಹದಿನಾಲ್ಕು ತಿಂಗಳು ಜೈಲಾಯಿತು. ಮಗಳು ತಂದೆಯ ಜತೆ ಹಲ್ ಪಟ್ಟಣಕ್ಕೆ ಹೋದಳು. ಬರೆದ ಕಾಗದಗಳೆಲ್ಲ ಒಡೆಯದೆಯೇ ವಾಪಸು ಬಂದವು.

"ಕೋರ್ಟಲ್ಲಿ ಕಂಕುಳಿಗೆ ಕೋಲು ಕೊಟ್ಕೊಂಡು ನಿಂತಿದ್ಲು. ನಾನು ಕೊನೇ ಸಲ ನೋಡಿದ್ದು ಅದೇ. ಆಮೇಲೆ ಕಣ್ಣು ಮುಚ್ಚಿದಾಗೆಲ್ಲ ಕೋಲಿನ ಜತೆಗೇ ಬರ್ತಾಳೆ."

ಕಳೆದ ಫೆಬ್ರವರಿಯಲ್ಲಿ ಶಾಂಟೆಲ್ ಎಂಬ ಹುಡುಗಿಯಿಂದ ತನ್ನ ಗೆಳತಿಗಾಗಿ ಬುಕಿಂಗ್ ಬಂತು. ಜೂನ್ ತಿಂಗಳ ವಾರಾಂತ್ಯ, ಹನ್ನೆರಡು ಜನ. ಮದುಮಗಳ ಹೆಸರಿನ ಜಾಗದಲ್ಲಿ ಬ್ರಯನಿ ಸ್ಟಬ್ಸ್ ಎಂದಿತ್ತು. ಸ್ಟಬ್ಸ್ ಎನ್ನುವುದು ಗೇನರ್ ಬಿಟ್ಟುಬಂದ ಗಂಡನ ಮನೆತನದ ಹೆಸರು. ಹುಟ್ಟಿದ ದಿನವೂ ಮಗಳದೇ. ಆ ಅರ್ಜಿಯಲ್ಲಿ ಮದುಮಗನ ತಾಯಿ ಬರುತ್ತಾರೆಯೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರವಿತ್ತು. ಮದುಮಗಳ ತಾಯಿ ಬರುತ್ತಾರೆಯೇ ಎಂಬುದಕ್ಕೆ ಇಲ್ಲ.

"ಆ 'ಇಲ್ಲ'ನ ಎಷ್ಟು ಸಲ ಓದಿದೆ ಅಂತೀಯ. ಅದರಲ್ಲಿ ಇನ್ನೇನಾದ್ರೂ ಇರತ್ತೇನೋ ಅಂತ."

ಅಂದೇ ಮ್ಯಾನೇಜರಿಗೆ ಹೇಳಿ ಆ ಗುಂಪನ್ನು ಬೇರೆಯವರಿಗೆ ಒಪ್ಪಿಸಬೇಕಿತ್ತು. ಗೇನರ್ ಒಪ್ಪಿಸಲಿಲ್ಲ. ಜತೆಯ ಪೋಲಿಷ್ ಹೆಂಗಸು ದನುತಾಳನ್ನು ಕಾಡಿಬೇಡಿ, ಅವಳ ಹೆಸರಿನಲ್ಲಿ ಶಾಂಟೆಲ್‌ಗೆ ಪತ್ರ ಬರೆದರು, ಫೋನಿನಲ್ಲೂ ಅದೇ ಹೆಸರು ಹೇಳಿದರು.

"ನಿಂಗೆ ತಲೆ ಕೆಟ್ಟಿದೆ ಕಣೇ," ಅಂದಿದ್ದಳಂತೆ ದನುತಾ. "ನೋಡಬೇಕು ಅನ್ಸಿದ್ರೆ ನೇರ ಹೋಗಿ ನೋಡು. ಇಲ್ಲಾಂದ್ರೆ ಸುಮ್ನಿರು. ಈ ಕಳ್ಳಾಟ ಯಾಕೆ?"

"ನೋಡೋದಕ್ಕಲ್ಲ. ಒಂದು ಸಲ, ಒಂದೇ ಒಂದು ಸಲ, ಅವಳಿಗೆ ಏನಾದ್ರೂ ಸರಿಯಾಗಿ ಮಾಡಿಕೊಡಬೇಕು."

ನಾಲ್ಕು ತಿಂಗಳು ಗೇನರ್ ಆ ವಾರಾಂತ್ಯವನ್ನು ಯೋಜಿಸಿದರು. ಅಣಬೆ ಬೇಡವೆಂದು ಅಡುಗೆಯವನಿಗೆ ಹೇಳಿದರು. ಬೆಳಗಿನ ಬಿಸಿಲು ಬೀಳುವ ಕೋಣೆಯನ್ನು ಮದುಮಗಳಿಗೆ ಇಟ್ಟರು. ನಿಂಬೆಹಣ್ಣಿನ ಕೇಕ್ ಬರೆದುಕೊಂಡರು. ಒಂದು ವಿಷಯಕ್ಕೆ ಮಾತ್ರ ಅವರ ಕೈ ತಡೆಯಿತು. ಮರದಿಂದ ಮರಕ್ಕೆ ನಲವತ್ತಡಿ ಎತ್ತರದಲ್ಲಿ ಕಟ್ಟಿದ ಹಗ್ಗದ ಸೇತುವೆಗಳನ್ನು ಎಲ್ಲರೂ ಹತ್ತಬೇಕು, ಇದನ್ನು ಮಾತ್ರ ತಪ್ಪಿಸಬೇಡಿ ಎಂದು ಶಾಂಟೆಲ್ ಎರಡು ಬಾರಿ ಬರೆದಿದ್ದಳು. ಮಂಡಿಯ ಸಂಗತಿ ಈ ಹುಡುಗಿಗೆ ಗೊತ್ತಿಲ್ಲ, ಬ್ರಯನಿ ಸಂಕೋಚಪಟ್ಟು ಮುಚ್ಚಿಟ್ಟಿರಬೇಕು ಎಂದುಕೊಂಡರು ಗೇನರ್. ಆ ಶನಿವಾರ ಹಗ್ಗದ ದಾರಿ ರಿಪೇರಿಗೆ ಮುಚ್ಚಿರುತ್ತದೆ ಎಂದು ಸುಳ್ಳು ಬರೆದು, ಬದಲಿಗೆ ಕೆರೆಯಲ್ಲಿ ದೋಣಿ ಇಟ್ಟರು. ಖಾಲಿಯಾದ ಜಾಗ ಒಂದು ಶಾಲೆಯ ಮಕ್ಕಳಿಗೆ ಹೋಯಿತು.

ಜೂನ್‌ನ ಆ ಶುಕ್ರವಾರ ಹನ್ನೆರಡು ಜನರೂ ಬಂದರು. ಗೇನರ್ ಕೋಣೆಯಿಂದ ಹೊರಗೆ ಬರಲಿಲ್ಲ. ಶನಿವಾರ ಬೆಳಗ್ಗೆ ಹತ್ತರ ಹೊತ್ತಿಗೆ ಆ ಗುಂಪು ಕೆರೆಗೆ ಹೋಗುವ ದಾರಿಯಲ್ಲಿ ತಲೆಯೆತ್ತಿ ನೋಡಿತು. ಹಗ್ಗದ ಸೇತುವೆಗಳ ಮೇಲೆ ಶಾಲೆಯ ಮಕ್ಕಳು ಕಿರುಚುತ್ತ ಓಡಾಡುತ್ತಿದ್ದರು.

ಐದು ನಿಮಿಷದಲ್ಲಿ ಮರದ ಕೋಣೆಯ ಬಾಗಿಲು ತೆರೆಯಿತು. "ದನುತಾ ಅಂದ್ರೆ ನೀವೇನಾ? ಅದು ರಿಪೇರಿಲಿದೆ ಅಂತ..." ಎನ್ನುತ್ತ ಒಳಗೆ ಬಂದವಳು ಮಾತು ನಿಲ್ಲಿಸಿದಳು. ಎದೆಯ ಮೇಲೆ ರೇಷ್ಮೆ ಪಟ್ಟಿ ಇತ್ತು. ಕೋಲು ಇರಲಿಲ್ಲ. ಕುಂಟು ಕೂಡ ಇರಲಿಲ್ಲ.

"ಗೇನರ್," ಅಂದಳು ಬ್ರಯನಿ. ಅಮ್ಮ ಅನ್ನಲಿಲ್ಲ.

"ನಾನು... ನಿನ್ನ ಮಂಡಿಗೆ ತೊಂದರೆ ಆಗತ್ತೆ ಅಂತ..."

"ನನ್ನ ಮಂಡಿ ವಿಷಯ ನೀನು ಮಾತಾಡಬೇಡ." ದನಿ ಏರಲಿಲ್ಲ, ಅದನ್ನೇ ಗೇನರ್ ಇಂದಿಗೂ ಹೇಳುತ್ತಾರೆ. "ಎರಡು ಆಪರೇಷನ್ ಆಯ್ತು. ಮೂರು ವರ್ಷ ದಿನಾ ಬೆಳಗ್ಗೆ ಎದ್ದು ವ್ಯಾಯಾಮ ಮಾಡಿದೀನಿ. ಮದುವೆಗೆ ಮುಂಚೆ ಒಂದು ಸಲ ಎತ್ತರಕ್ಕೆ ಹತ್ತಬೇಕು ಅಂದವಳು ನಾನು. ಈ ಜಾಗ ಹುಡುಕಿಸಿದ್ದೇ ಅದಕ್ಕೆ. ಅದನ್ನೂ ನೀನೇ ತೆಗೆದೆಯಾ?"

ಗೇನರ್ ಹಗ್ಗದ ದಾರಿಯವರಿಗೆ ಫೋನ್ ಮಾಡಿದರು. ಶನಿವಾರ ಪೂರ್ತಿ ಭರ್ತಿ, ಭಾನುವಾರವೂ ಭರ್ತಿ. ಸೋಮವಾರ ಬೆಳಗ್ಗೆ ಜಾಗ ಇತ್ತು. ಭಾನುವಾರ ಹನ್ನೊಂದಕ್ಕೆ ಈ ಗುಂಪು ಹೊರಡಬೇಕಿತ್ತು. ಮಗಳು ಅಷ್ಟು ಹೊತ್ತೂ ಫೋನಿನ ಮಾತು ಕೇಳಿಸಿಕೊಂಡು ನಿಂತಿದ್ದಳು.

"ನಾಳೆ ನಾವು ಹೋಗೋವರೆಗೂ ನೀನು ಇಲ್ಲಿ ಇರಬೇಡ."

"ಆಯ್ತು."

"ಕುಡಿದಿದೀಯಾ?"

"ಇಲ್ಲ. ಎಂಟು ವರ್ಷ ಆಯ್ತು."

ಬ್ರಯನಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಹೊರಗೆ ಅವಳು ಗೆಳತಿಯರಿಗೆ, "ಅವರದೇನೋ ಗಡಿಬಿಡಿ, ಬನ್ರೇ, ದೋಣಿಗೇ ಹೋಗೋಣ," ಅಂದದ್ದು ಕೇಳಿಸಿತು. ಆಮೇಲೆ ಹನ್ನೆರಡು ಜನರ ನಗು.

ಭಾನುವಾರ ಗೇನರ್ ಮನೆಯಲ್ಲೇ ಉಳಿದರು. ಸೋಮವಾರ ಬಂದು ಮ್ಯಾನೇಜರಿಗೆ ತಾವೇ ಎಲ್ಲ ಹೇಳಿದರು, ಲಿಖಿತ ಎಚ್ಚರಿಕೆ ಸಿಕ್ಕಿತು. ಯಾರೂ ದೂರು ಕೊಟ್ಟಿರಲಿಲ್ಲ. ಶಾಂಟೆಲ್ ತುಂಬಿದ ಅಭಿಪ್ರಾಯದ ಹಾಳೆಯಲ್ಲಿ ಎಲ್ಲಕ್ಕೂ ಪೂರ್ತಿ ಅಂಕ. ಕೇಕ್ ಬಹಳ ಚೆನ್ನಾಗಿತ್ತು, ಹಗ್ಗದ ದಾರಿ ತಪ್ಪಿದ್ದೊಂದೇ ಬೇಸರ ಎಂದಿತ್ತು.

"ನೋಡು, ಮಗಳು ನಿನ್ನ ಬಿಟ್ಟುಕೊಡಲಿಲ್ಲ," ಎಂದು ದನುತಾ ಸಮಾಧಾನ ಹೇಳಿದಳು. ಗೇನರ್ ಹಾಗೆ ಎಣಿಸುವುದಿಲ್ಲ. "ದಯೆ ಅಲ್ಲ ಅದು. ನಾನು ಯಾರು ಅಂತ ಗೆಳತಿಯರಿಗೆ ಹೇಳೋದೂ ಅವಳಿಗೆ ಬೇಡವಾಗಿತ್ತು. ಹನ್ನೊಂದು ವರ್ಷದ ಹಿಂದಿನ ಮಂಡಿನೇ ಹಿಡ್ಕೊಂಡು ಕೂತಿದ್ದೆ ನಾನು. ಅವಳು ಅದನ್ನ ರಿಪೇರಿ ಮಾಡ್ಕೊಂಡು ಎಷ್ಟೋ ಮುಂದೆ ಹೋಗಿದ್ಲು. ನಾನು ಮಾಡಿದ ಒಳ್ಳೇದೂ ಅವಳ ಕಾಲಿಗೇ ಪೆಟ್ಟಾಯ್ತು."

ಸೆಪ್ಟೆಂಬರ್‌ನಲ್ಲಿ ಮದುವೆಯಾಯಿತು. ದಿನಾಂಕ ಅರ್ಜಿಯಲ್ಲೇ ಇತ್ತು. ಅಂದು ರಜೆ ತೆಗೆದುಕೊಳ್ಳಿ ಎಂದು ನಾವೆಲ್ಲ ಹೇಳಿದರೂ ಗೇನರ್ ಕೇಳಲಿಲ್ಲ. ಮೊದಲ ಬಸ್ಸಿಗೇ ಬಂದು ಎರಡು ಕಾಟೇಜು ಸಿಂಗರಿಸಿದರು. ಮಧ್ಯಾಹ್ನ ಎರಡರ ಸುಮಾರಿಗೆ, ಹಲ್‌ನ ಚರ್ಚಿನಲ್ಲಿ ಗಂಟೆ ಬಾರಿಸುವ ಹೊತ್ತಿಗೆ, ನನ್ನ ಅಡುಗೆಮನೆಯ ಹಿಂಬಾಗಿಲಲ್ಲಿ ಬಂದು ಕೂತರು. ಚಹಾ ಕೊಟ್ಟೆ. ಕುಡಿಯದೆ ಕೈಯಲ್ಲೇ ಹಿಡಿದು, ಅದು ತಣ್ಣಗಾದ ಮೇಲೆ ಲೋಟ ತೊಳೆದಿಟ್ಟು ಎದ್ದು ಹೋದರು.

ಬರುವ ವಸಂತದಿಂದ ಈ ಯೋಜನೆಯನ್ನೆಲ್ಲ ಫೋನಿನ ಆ್ಯಪ್ ಮಾಡಲಿದೆ. ಗೇನರ್‌ಗೆ ಹಾಸಿಗೆ ಹೊದಿಕೆ ಬದಲಿಸುವ ಕೆಲಸ ಕೊಡುತ್ತಾರಂತೆ. ಅದರ ಬಗ್ಗೆ ಅವರಿಗೆ ದೂರಿಲ್ಲ. "ಯಾರ ಹಾಸಿಗೆ ಅಂತ ಗೊತ್ತಾಗಲ್ಲ, ಅದೇ ಒಳ್ಳೇದು," ಎನ್ನುತ್ತಾರೆ.

ನಲವತ್ತೊಂದನೇ ನಂಬರಿನ ಕಾಟೇಜಿನ ಬಲೂನುಗಳು ಈಗ ಮುಗಿದಿವೆ. ಬಾಗಿಲಿಗೆ ಬೀಗ ಹಾಕಿ ಮುಂದಿನದಕ್ಕೆ ನಡೆಯುತ್ತಿದ್ದೇವೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪತ್ರಿಕೆಯವರು ಕೊನೆಗೆ ಕೇಳುವ ಪ್ರಶ್ನೆ ಅದು. ಗೇನರ್ ತಲೆಯೆತ್ತಿ ಪೈನ್ ಮರಗಳ ತುದಿ ನೋಡುತ್ತಾರೆ.

"ಬೇರೆ ಎಲ್ಲಾದ್ರೂ ಹತ್ತಿರ್ತಾಳೆ, ಅಲ್ವಾ? ಇಷ್ಟೊಂದು ಕಾಡಿದೆ, ಇಷ್ಟೊಂದು ಮರ ಇದೆ. ನನ್ನ ಜತೆ ಮಾತಾಡೋದು ಬೇಡ, ಕಾಗದ ಬರೆಯೋದು ಬೇಡ. ಹ್ಞೂಂ, ಹತ್ತಿದ್ಲು, ಮೇಲೆ ನಿಂತು ಕೆಳಗೆ ನೋಡಿದ್ಲು ಅಂತ ಯಾರಾದ್ರೂ ದಾರೀಲಿ ಹೋಗೋರು ಹೇಳಿದ್ರೂ ಸಾಕು."