ಅತ್ತೆಯ ಜಮಖಾನ

ಅಟ್ಟದಿಂದ ಇಳಿಸಿದ ಜಮಖಾನ ಬಿಚ್ಚಿದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಇಟ್ಟಮಡುವಿನ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು. ಆ ಮನೆ ಈಗಿಲ್ಲ. ಅದರ ಕೆಂಪು ನೆಲದ ಮೇಲೆ ಇದೇ ಜಮಖಾನವನ್ನು ಮಡಿಸಿ ಹಾಕಿಕೊಂಡು, ಅಪ್ಪನ ತಂಗಿ, ಮದುವೆಯಾಗದೆ ನಮ್ಮೊಂದಿಗೇ ಇದ್ದ ಅತ್ತೆ, ದಿನಾ ಬೆಳಗ್ಗೆ ಐದಕ್ಕೆ ಮೊಣಕಾಲೂರುತ್ತಿದ್ದರು. ಕಣ್ಣುಜ್ಜಿಕೊಳ್ಳುತ್ತಾ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಆಗಿನ ನನ್ನ ಪ್ರಾರ್ಥನೆಯೆಂದರೆ ದೇವರ ಕೈಗಿತ್ತ ಸಾಮಾನಿನ ಚೀಟಿ: ಸ್ಕೆಚ್ ಪೆನ್ನು, ಹೊಸ ಚಪ್ಪಲಿ, ಗಣಿತದ ಟೀಚರಿಗೆ ಎರಡು ದಿನದ ಜ್ವರ. ಅತ್ತೆ ನಗುತ್ತಿದ್ದರು. "ಕೇಳಿದ್ದಾದ್ಮೇಲೆ ಸ್ವಲ್ಪ ಸುಮ್ನಿರು ಪುಟ್ಟಿ. ಆಮೇಲೆ ಹೊಟ್ಟೇಲಿರೋದನ್ನ ಹೇಳು. ದೇವರ ಹತ್ರ ಬಣ್ಣದ ಮಾತು ಬೇಡ." ಹೀಗೆ ನಾನು ಮೆಲ್ಲಗೆ ಪ್ರಾರ್ಥನೆ ಕಲಿತೆ. ಇನ್ನೊಬ್ಬರು ದೇವರಿಗೆ ಹೇಳಿಕೊಂಡದ್ದು ಕಿವಿಗೆ ಬಿದ್ದರೂ ಹೊರಗೆ ಆಡಬಾರದು ಎಂಬುದನ್ನೂ ಅವರೇ ಕಲಿಸಿದ್ದರು.

ನನಗೆ ಹತ್ತು ವರ್ಷವಿದ್ದಾಗ ಒಂದು ಬೆಳಗ್ಗೆ ಅತ್ತೆಯ ಪಿಸುಮಾತು ಕೇಳಿಸಿತು. "ಸ್ವಾಮೀ, ಎದೇಲಿರೋ ಗಂಟು ದೊಡ್ಡದಾಗ್ತಿದೆ. ಅಣ್ಣಂಗೆ ಹೇಳೋ ಧೈರ್ಯ ಕೊಡು." ಮರುದಿನವೂ ಅದೇ ಮಾತು, ತಿಂಗಳಾದರೂ ಅದೇ ಮಾತು. ಅಪ್ಪನಿಗೆ ಅವರು ಹೇಳಲಿಲ್ಲ. ಆಪರೇಷನ್ ಎಂದರೆ ಅವರಿಗೆ ಮೊದಲಿನಿಂದಲೂ ಜೀವಭಯ. ಗುಟ್ಟು ನನ್ನೊಳಗೆ ಕೂತು ನನ್ನ ನಿದ್ದೆ ಕೆಡಿಸಿತು.

ಒಂದು ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಚರ್ಚಿನ ಸಭೆಯವರ ಮನೆಪ್ರಾರ್ಥನೆ. ಜಮಖಾನವನ್ನು ಪೂರ್ತಿ ಬಿಚ್ಚಿ ಹಾಸಿದ್ದರು. ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿತ್ತು. ಹಾಡು, ವಾಚನ ಮುಗಿದ ಮೇಲೆ ಸಭಾಪಾಲಕರು, "ಇವತ್ತು ಪುಟ್ಟಿ ಪ್ರಾರ್ಥನೆ ಮಾಡ್ಲಿ" ಎಂದರು. ಎಲ್ಲರೂ ತಲೆಬಾಗಿಸಿದರು. ನಾನು ಸ್ತೋತ್ರ ಹೇಳಿದೆ, ಮಳೆಬೆಳೆಗೆ ಬೇಡಿದೆ, ಶಾಲೆಗೆ ಬೇಡಿದೆ. "ಸ್ವಾಮೀ, ನಮ್ಮ ಅತ್ತೆಗೆ…" ಎಂದು ಬಾಯಿಗೆ ಬಂದುಬಿಟ್ಟಿತು. ಒಂದು ಕಣ್ಣು ತೆರೆದೆ. ಎದುರಿಗಿದ್ದ ಅತ್ತೆ ಎರಡೂ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಹೇಳಬೇಡ ಎಂದರೋ, ಹೇಳಿಬಿಡು ಎಂದರೋ, ಇವತ್ತಿಗೂ ನನಗೆ ಗೊತ್ತಿಲ್ಲ. "ಅತ್ತೆಗೆ, ಎಲ್ಲರಿಗೂ ಒಳ್ಳೆ ಆರೋಗ್ಯ ಕೊಡು" ಎಂದು ಮುಗಿಸಿದೆ. ಇಡೀ ಕೋಣೆ "ಆಮೆನ್" ಎಂದಿತು. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಅತ್ತೆ ನನ್ನ ತಲೆ ನೇವರಿಸಿದರು. ಅವರ ಕೈ ತಣ್ಣಗಿತ್ತು.

ವಿಷಯ ಅಪ್ಪನಿಗೆ ತಿಳಿಯುವಷ್ಟರಲ್ಲಿ ರೋಗ ಮೂಳೆಗೆ ಇಳಿದಿತ್ತು. "ಇನ್ನೂ ಮೊದ್ಲೇ ಕರ್ಕೊಂಡ್ ಬರ್ಬೇಕಿತ್ತು" ಎಂದರಂತೆ ಡಾಕ್ಟರು. ಕ್ರಿಸ್‌ಮಸ್ಸಿಗೆ ಅತ್ತೆ ಇರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಪ್ರಾರ್ಥನೆಯಲ್ಲಿ ನಾನು ಅವರ ಹೆಸರೆತ್ತಿದೆ. ಅಪ್ಪ ಮೆತ್ತಗೆ ತಡೆದರು. "ಅತ್ತೆ ದೇವರ ಹತ್ರ ಹೋದ್ಲು ಪುಟ್ಟಿ. ಇನ್ನು ಅವಳಿಗೋಸ್ಕರ ಬೇಡ್ಕೊಳ್ಳೋ ಹಾಗಿಲ್ಲ." ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಯಿಲ್ಲ. ಅತ್ತೆ ದಿನಾ ಬೇಡಿದ ಆ ಧೈರ್ಯವನ್ನು ದೇವರು ನನ್ನ ನಾಲಿಗೆಯ ಮೇಲೆ ಇಟ್ಟಿದ್ದನೇನೋ. ನಾನು ಅದನ್ನು ನುಂಗಿಬಿಟ್ಟೆ.

ಈಗ ಜೆ.ಪಿ. ನಗರದ ಫ್ಲ್ಯಾಟಿನ ಟೈಲ್ಸ್ ಮೇಲೆ ಜಮಖಾನ ಮಡಿಸಿ ಹಾಕಿ ಮೊಣಕಾಲೂರಿದ್ದೇನೆ. ಕೇಳುವುದು ಈಗ ಕಡಿಮೆ, ಸುಮ್ಮನಿರುವುದೇ ಹೆಚ್ಚು. ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಅತ್ತೆಯ ಹೆಸರಿನ ಹತ್ತಿರ ಬಂದು ನಿಲ್ಲುತ್ತೇನೆ. ಒಂದು ಕಣ್ಣು ತಾನಾಗಿ ತೆರೆಯುತ್ತದೆ. ಎದುರಿಗೆ ಯಾರೂ ಇಲ್ಲ.